ಕಣ್ಣು ಮುಚ್ಚಿ ಬರೆದ ಆರು ಹಾಳೆ

ಮದರಾಸು
೧೨ ಜೂನ್ ೧೯೩೮

ಅಜ್ಜಿ ಗುರುಸಿದ್ದಮ್ಮನ ಪಾದಗಳಿಗೆ ಚನ್ನರಾಯಪಟ್ಟಣದ ಮೊಮ್ಮಗ ಪರಮಶಿವನ ಶರಣು.

ನಾನು ಚೆನ್ನಾಗಿದ್ದೇನೆ. ಇಲ್ಲಿಯ ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದೇನೆ. ಮುಂದಿನ ಸಲ ಹೊಳೆನರಸೀಪುರಕ್ಕೆ ಬಂದಾಗ ಯಾರೋ ಏನೋ ಎಂದು ಬಾಗಿಲು ಹಾಕಿಕೊಳ್ಳಬೇಡ. ಈ ಕಾಗದವನ್ನು ಎಂದಿನಂತೆ ರುದ್ರಯ್ಯ ಮಾವನ ಮಗಳು ಗಂಗಾಂಬಿಕೆಯೇ ನಿನಗೆ ಓದಿ ಹೇಳುತ್ತಿರಬೇಕು. ಗಂಗಾ, ರೈಲು ಓಡಿಸಿದ ಹಾಗೆ ಓದಬೇಡ. ಅಜ್ಜಿಗೆ ಎಲೆ ಅಡಿಕೆ ಮಡಿಸಿಕೊಟ್ಟು, ಅವಳು ತಲೆಯಾಡಿಸಿದ ಮೇಲೆ ಮುಂದಿನ ಸಾಲಿಗೆ ಹೋಗು.

ಅಜ್ಜಿ, ಕಲಾಶಾಲೆಯಲ್ಲಿ ಇದು ನನ್ನ ಕೊನೆಯ ವರ್ಷ. ಚಿತ್ರ ಬರೆದರೆ ಸಾಲದು, ಒಂದು ಪ್ರಬಂಧವನ್ನೂ ಒಪ್ಪಿಸಬೇಕು. ಹಾಸನ ಜಿಲ್ಲೆಯವನು ಹಳೇಬೀಡಿನ ಶಿಲ್ಪದ ಮೇಲೆ ಬರೆಯದೆ ಇನ್ನೇನು ಬರೆಯುತ್ತಾನೆ ಎಂದು ಎಲ್ಲರೂ ಕಾದಿದ್ದರು. ನಾನು ಬೇರೆ ವಿಷಯ ಹಿಡಿದಿದ್ದೇನೆ. ಫ್ರಾನ್ಸ್ ದೇಶದಲ್ಲಿ ಕೆಲವು ಚಿತ್ರಗಾರರು ಬುದ್ಧಿಯನ್ನು ಬದಿಗಿಟ್ಟು ಕೈಯನ್ನು ಅದರ ಪಾಡಿಗೆ ಬಿಡುತ್ತಾರಂತೆ. ಏನು ಬರೆಯಬೇಕೆಂದು ಯೋಚಿಸುವುದಿಲ್ಲ. ಕೈ ಎಲ್ಲಿ ಹೋಗುತ್ತದೋ ಅದೇ ಚಿತ್ರ. ಇನ್ನು ಕೆಲವರು ಬೇಕೆಂದೇ ಕೆಟ್ಟದಾಗಿ ಬರೆಯುತ್ತಾರೆ. ಕೈ ಬಾರದೆ ಅಲ್ಲ, ಚೆನ್ನಾಗಿ ಬರೆದು ಬರೆದು ಬೇಸರವಾಗಿ. ಮೇಷ್ಟರು ತರಿಸಿದ ಪತ್ರಿಕೆಯಲ್ಲಿ ಇದನ್ನೆಲ್ಲ ಹೊಸ ಸಂಗತಿ ಎಂದು ಕೊಂಡಾಡಿದ್ದಾರೆ. ಓದುವಾಗ ನನಗೆ ನಗು ಬಂತು. ನಿಮ್ಮ ಬೀದಿಯಲ್ಲಿ ಯಾರು ಮನೆ ಕಟ್ಟಿಸಿದರೂ ಮಡಕೆಗೆ ಮಸಿ ಬಳಿದು, ಸುಣ್ಣದಲ್ಲಿ ದೃಷ್ಟಿಗೊಂಬೆಯ ಮುಖ ಬರೆಯುವವಳು ನೀನು. ಬೇಕೆಂದೇ ಕೆಟ್ಟದಾಗಿ ಬರೆಯುವುದರಲ್ಲಿ ನಿನ್ನನ್ನು ಮೀರಿಸುವ ಫ್ರಾನ್ಸಿನವನು ಇನ್ನೂ ಹುಟ್ಟಿಲ್ಲ. ಅದನ್ನು ಹೇಗೆ ಕೆಡಿಸುತ್ತೀಯೆ, ಯಾಕೆ ಕೆಡಿಸುತ್ತೀಯೆ, ವಿವರವಾಗಿ ಹೇಳು.

ಗಂಗಾ, ನಿನಗೂ ಒಂದು ಕೆಲಸ. ಒಂದು ಹಾಳೆ ಮುಂದಿಟ್ಟುಕೊಂಡು, ಪೆನ್ಸಿಲು ಹಿಡಿದು, ಕಣ್ಣು ಮುಚ್ಚು. ಏನನ್ನೂ ಬರೆಯಬೇಕೆಂದುಕೊಳ್ಳಬೇಡ. ಕೈ ಹೋದತ್ತ ಹೋಗಲಿ. ಹೀಗೆ ಐದಾರು ಹಾಳೆ ಮಾಡಿ ಕಳಿಸು. ಆಮೇಲೆ ತಿದ್ದಿದರೆ ನನಗೆ ಗೊತ್ತಾಗುತ್ತದೆ.

ಇಂತಿ ನಿನ್ನ
ಪರಮಶಿವ


ಹೊಳೆನರಸೀಪುರ
೨೯ ಜೂನ್ ೧೯೩೮

ಭಾವನವರಿಗೆ ಗಂಗಾಂಬಿಕೆಯ ನಮಸ್ಕಾರಗಳು.

ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ. ಅಪ್ಪ ಬರೆದುಕೊಡುತ್ತೇನೆ ಎಂದರು. ಅಜ್ಜಿ ಒಪ್ಪಲಿಲ್ಲ. "ನೀ ಕಾಗ್ದ ಓದೋದು ಅಂದ್ರೆ ಪೋಲೀಸ್ನೋನು ವಾರಂಟು ಓದ್ದಂಗೆ ಕಣ್ಲಾ ರುದ್ರ. ಗಂಗಾ ಓದಿದ್ರೆ ಆ ಪರಮ್ನೇ ಬಂದು ಮುಂದೆ ಕುಂತು ಮಾತಾಡ್ದಂಗಿರ್ತದೆ," ಎಂದಳು. ಈಗ ಅವಳ ಮಾತು:

"ಲೇ ಪರಮ, ಚೆಂದಾಗಿ ಬರೆಯೋದ್ನ ಕಲೀತೀನಿ ಅಂತ ಅಷ್ಟು ದೂರ ಹೋದೆ. ಈಗ ಕೆಟ್ಟದ್ನ ಎಂಗೆ ಬರೆಯೋದು ಅಂತ ನನ್ನ ಕೇಳ್ತೀಯಲ್ಲೋ, ನಿನ್ ಓದಿಗಿಷ್ಟು! ಕೇಳಿಸ್ಕೋ. ದಿಷ್ಟಿ ಬೊಂಬೆನ ಎಡಗೈಲಿ ಬರೀಬೇಕು. ಮೊದ್ಲು ಹಲ್ಲು ಬರೀಬೇಕು, ಆಮೇಲೆ ಬಾಯಿ. ಒಂದು ಕಣ್ಣು ದೊಡ್ಡುದು, ಒಂದು ಸಣ್ಣುದು. ಬರೆಯೋವಾಗ ನಗಬಾರ್ದು. ನೋಡ್ದೋರ್ ಕಣ್ಣು ಅದ್ರ ಮ್ಯಾಲೆ ಬಿದ್ದು ಅಲ್ಲೇ ನಿಂತ್ಕಬೇಕು, ಒಳಗಿರೋ ಚೆಂದದ್ರ ಮ್ಯಾಲೆ ಓಗಬಾರ್ದು. ಅದ್ಕೇ ಕಣ್ಲಾ ಕೆಡ್ಸೋದು. ಚೆಂದ ಕಾಯಕ್ಕೆ. ಸುಮ್ಕೆ ಕೆಡ್ಸೋರು ಇದಾರೆ ಅಂದ್ಯಲ್ಲ, ಅವ್ರಿಗೆ ಬ್ಯಾರೆ ಕ್ಯಾಮೆ ಇಲ್ವಾ?"

ಇಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡಳು. ಇಲ್ಲಿಗೆ ಅವಳ ಮಾತು ಮುಗಿಯಿತು.

ಆರು ಹಾಳೆ ಇಟ್ಟಿದ್ದೇನೆ. ನೀವು ಹೇಳಿದ ಹಾಗೆಯೇ ಕಣ್ಣು ಮುಚ್ಚಿಕೊಂಡು ಮಾಡಿದ್ದು. ನಡುಮನೆಯಲ್ಲಿ ಕೂತು ಮಾಡುತ್ತಿದ್ದಾಗ ಅಮ್ಮ ನೋಡಿ, ಹುಡುಗಿಗೆ ಮೈಮೇಲೆ ಏನಾದರೂ ಬಂದಿದೆಯೋ ಎಂದು ವಿಭೂತಿ ತಂದಳು. ಆಮೇಲೆ ಬಿಡಿಸಿ ಹೇಳಿದೆ. ಚೆನ್ನಾಗಿಲ್ಲದಿದ್ದರೆ ಹರಿದು ಹಾಕಿ. ಬೇರೆಯವರಿಗೆ ತೋರಿಸಬೇಡಿ.

ಗಂಗಾಂಬಿಕೆ


ಮದರಾಸು
೧೮ ಜುಲೈ ೧೯೩೮

ಅಜ್ಜಿಗೆ ಶರಣು. ನೀನು ಹೇಳಿಕೊಟ್ಟದ್ದನ್ನು ಇಂಗ್ಲಿಷಿಗೆ ತಿರುಗಿಸಿ ಮೇಷ್ಟರಿಗೆ ಓದಿ ತೋರಿಸಿದೆ. ಕುರ್ಚಿಯಿಂದ ಎದ್ದು ನಿಂತರು. 'ಚೆಂದ ಕಾಯಕ್ಕೆ' ಎಂಬ ಮಾತನ್ನು ಎರಡನೆಯ ಅಧ್ಯಾಯದ ತಲೆಯ ಮೇಲೆ, ನಿನ್ನ ಹೆಸರು ಹಾಕಿಯೇ ಬರೆದಿದ್ದೇನೆ. ಇನ್ನು ಮದರಾಸಿನಲ್ಲಿ ನೀನೂ ಒಬ್ಬ ಪಂಡಿತೆ.

ಗಂಗಾ, ನಿನ್ನ ಹಾಳೆಗಳು ಬಂದವು. ಹರಿದು ಹಾಕುವುದಿರಲಿ, ನನ್ನ ಪ್ರಬಂಧಕ್ಕೆ ಜೀವ ಬಂದದ್ದೇ ಅವುಗಳಿಂದ. ಇಲ್ಲಿ ಹನ್ನೊಂದು ಜನರಿಂದ ಇಂಥ ಹಾಳೆ ಮಾಡಿಸಿದ್ದೇನೆ. ಎಲ್ಲರದೂ ಕೋಳಿ ಕೆದರಿದ ಹಾಗಿದೆ. ನಿನ್ನದು ಹಾಗಲ್ಲ. ಆರು ಹಾಳೆಯಲ್ಲೂ ಒಂದೇ ಗೆರೆ, ಮತ್ತೆ ಮತ್ತೆ. ಒಂದು ಕಡೆಯಿಂದ ಸಮವಾಗಿ ಹೊರಟು, ಒಂದು ದೊಡ್ಡ ಗುಡ್ಡವಾಗಿ ಏರಿ, ಥಟ್ಟನೆ ಇಳಿದು, ನಡುವೆ ಸ್ವಲ್ಪ ತಗ್ಗಿನಲ್ಲಿ ತಡವರಿಸಿ, ಮತ್ತೆ ಒಂದು ಚಿಕ್ಕ ಗುಡ್ಡವಾಗಿ ಏಳುತ್ತದೆ. ಮೂರು ದಿನ ಇದನ್ನೇ ನೋಡುತ್ತ ಕೂತೆ. ನಾಲ್ಕನೆಯ ದಿನ ಹೊಳೆಯಿತು. ಶ್ರವಣಬೆಳಗೊಳ! ದೊಡ್ಡ ಬೆಟ್ಟ, ಚಿಕ್ಕ ಬೆಟ್ಟ, ನಡುವೆ ಕೊಳ. ನೀನು ಏಳೆಂಟು ವರ್ಷದವಳಿದ್ದಾಗ ನಾವೆಲ್ಲ ಗಾಡಿ ಕಟ್ಟಿಸಿಕೊಂಡು ಹೋಗಿದ್ದೆವಲ್ಲ, ಅದು ನಿನ್ನ ಮನಸ್ಸಿನಲ್ಲಿ ಕೂತು, ಹತ್ತು ವರ್ಷವಾದ ಮೇಲೆ ಕೈಯಿಂದ ತಾನಾಗಿ ಇಳಿದಿದೆ. ಪ್ರಬಂಧದಲ್ಲಿ 'ಹೊಳೆನರಸೀಪುರದ ಒಬ್ಬ ತರುಣಿ' ಎಂದಷ್ಟೇ ಬರೆದಿದ್ದೇನೆ. ಮಾವ ಕೋಪಿಸಿಕೊಳ್ಳುವ ಹಾಗಿಲ್ಲ.

ಇನ್ನೂ ಹಾಳೆ ಮಾಡಿದರೆ ಕಳಿಸು.

ಪರಮಶಿವ


ಹೊಳೆನರಸೀಪುರ
೯ ಅಕ್ಟೋಬರ್ ೧೯೩೮

ಭಾವನವರಿಗೆ,

ಎರಡೂವರೆ ತಿಂಗಳು ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಬರೆಯುವುದಕ್ಕೆ ಅಜ್ಜಿ ಏನೂ ಹೇಳಲಿಲ್ಲ. ಅವಳು ಹೇಳದೆ ನಾನಾಗಿ ಬರೆಯುವ ಹಾಗಿಲ್ಲ. ಈಗ ಹೇಳಿದ್ದಾಳೆ:

"ಪರಮ, ಗಂಗಂಗೆ ಅರಕಲಗೂಡಿಂದ ಗಂಡು ಬಂದೈತೆ. ಬಸವರಾಜು ಅಂತ, ಅಕ್ಕಿ ಗಿರಣಿ ಐತೆ, ಒಳ್ಳೆ ಮನೆ. ಸೋದರತ್ತೆ ಮನೇಲಿ ಮಗ ಇದ್ದಂಗೆ ಕೇಳ್ದೆ ಹೆಣ್ಣ ಹೊರಗೆ ಕೊಡೋದು ನಮ್ ಮನೇಲಿ ಇಲ್ಲ. ರುದ್ರ ಚನ್ರಾಯಪಟ್ಣಕ್ಕೋಗಿ ನಿಮ್ಮಪ್ಪನ್ನ ಕೇಳ್ದ. ನಂಜಯ್ಯ ಏನಂದ? 'ಹುಡುಗ ಓದಿದೋನು, ಅವ್ನೇ ಯೋಳ್ಲಿ, ನಾನು ಎದುರಾಡಕಿಲ್ಲ' ಅಂದ. ನಿಮ್ಮವ್ವ ಸೆರಗಲ್ಲಿ ಕಣ್ಣೊರೆಸ್ಕಂಡ್ಲಂತೆ. ಈಗ ನಿನ್ನ ಬಾಯಿಂದ ಬರ್ಬೇಕು. ಬೇಕಂದ್ರೆ ಬೇಕು ಅನ್ನು, ಬ್ಯಾಡಂದ್ರೆ ಬ್ಯಾಡ ಅನ್ನು. ನೀ ಅನ್ನೋಗಂಟ ಅರಕಲಗೂಡಿನೋರ್ನ ಬಾಗಿಲಾಚೆ ನಿಲ್ಸಿವ್ನಿ."

ಇದನ್ನು ಬರೆಯುವಾಗ ಅಜ್ಜಿ ನನ್ನ ಮುಖ ನೋಡಲಿಲ್ಲ. ನಾನೂ ತಲೆಯೆತ್ತಲಿಲ್ಲ. ನನ್ನ ವಿಷಯವನ್ನು ನನ್ನ ಕೈಯಿಂದಲೇ ಬರೆಸಿದ್ದಾಳೆ. ಬರೆಯದೆ ಇರಲು ನಾನು ಯಾರು? ಅಕ್ಷರ ನನ್ನದು, ಮಾತು ಅವಳದು.

ಅಜ್ಜಿ ಹಿತ್ತಲಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ನನ್ನದೂ ಎರಡು ಸಾಲು.

ಭಾವ, ನಾನು ಬೆಳಗೊಳಕ್ಕೆ ಹೋಗಿಯೇ ಇಲ್ಲ. ನೀವೆಲ್ಲ ಗಾಡಿಯಲ್ಲಿ ಹೋದ ದಿನ ನನಗೆ ಜ್ವರ ಬಂದು ಅಜ್ಜಿಯ ಹತ್ತಿರ ಮಲಗಿದ್ದೆ. ಆ ಬೆಟ್ಟ ದೊಡ್ಡದೋ ಚಿಕ್ಕದೋ ನಾನು ಕಾಣೆ. ಆದರೂ ಓದಿದವರು ನೀವು, ಬೆಟ್ಟವೆಂದರೆ ಬೆಟ್ಟವೇ ಇರಲಿ.

ಹೋದ ಬೇಸಿಗೆಯಲ್ಲಿ ನೀವು ಹದಿನೆಂಟು ದಿನ ಇಲ್ಲಿದ್ದಿರಿ. ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂತು ಚಿತ್ರ ಬರೆಯುತ್ತಿದ್ದಿರಿ. ನಾನು ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದೆ. ಅಷ್ಟು ಅಕ್ಕಿಯನ್ನು ಆ ಹದಿನೆಂಟು ದಿನದಲ್ಲಿ ನಮ್ಮ ಮನೆಯಲ್ಲಿ ಯಾರೂ ಉಂಡಿಲ್ಲ. ನೀವು ಒಂದು ಸಲವೂ ಈ ಕಡೆ ತಿರುಗಲಿಲ್ಲ.

ಅಜ್ಜಿ ಬಂದಳು.

ಗಂಗಾಂಬಿಕೆ


ಮದರಾಸು
೨ ನವೆಂಬರ್ ೧೯೩೮

ಅಜ್ಜಿಗೆ ಶರಣು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ನನ್ನ ಪಾಡು ನೋಡು. ಮಾರ್ಚಿನಲ್ಲಿ ಓದು ಮುಗಿದ ಮೇಲೆ ಎಲ್ಲಿರುತ್ತೇನೋ ನನಗೇ ತಿಳಿಯದು. ಚಿತ್ರ ಬರೆಯುವವನಿಗೆ ನಮ್ಮ ಸೀಮೆಯಲ್ಲಿ ಕೆಲಸವೆಂದರೆ ನಾಟಕದ ಪರದೆ ಬರೆಯುವುದು ಒಂದೇ. ಕಂಪೆನಿಯ ಹಿಂದೆ ಊರೂರು ಅಲೆಯುವವನಿಗೆ ಕಟ್ಟಿ, ಗಂಗೆಯಂಥ ಹುಡುಗಿಯನ್ನು ಯಾಕೆ ಕಷ್ಟಕ್ಕೆ ನೂಕುತ್ತೀಯೆ? ಗಿರಣಿಯವರ ಮನೆಯಲ್ಲಿ ಅವಳು ಸುಖವಾಗಿರುತ್ತಾಳೆ. ಮಾವನಿಗೆ ಹೇಳು, ನನ್ನ ಅಡ್ಡಿಯಿಲ್ಲ.

ಗಂಗಾ, ನೀನು ಬೆಳಗೊಳ ನೋಡಿಲ್ಲವೆಂದದ್ದನ್ನು ನಂಬಲಾರೆ. ಮರೆತಿದ್ದೀಯೆ, ಅಷ್ಟೆ. ಮರೆತದ್ದೇ ಕೈಯಲ್ಲಿ ಇಳಿಯುತ್ತದೆ ಎಂಬುದು ನನ್ನ ಪ್ರಬಂಧದ ತಿರುಳು.

ಮೂರನೆಯ ಅಧ್ಯಾಯವನ್ನೂ ಬರೆದು ಮುಗಿಸಿದೆ. ಅದಕ್ಕಾಗಿ ಒಂದು ಪರೀಕ್ಷೆ ಮಾಡಿದೆ. ನಮ್ಮ ಶಾಲೆಯ ಜವಾನನ ಕೈಯಲ್ಲಿ ಒಂದು ಆನೆ ಬರೆಸಿದೆ. ಅವನು ಹುಟ್ಟಿದಾಗಿನಿಂದ ಕುಂಚ ಹಿಡಿದವನಲ್ಲ. ಅದರ ಪಕ್ಕದಲ್ಲಿ ನಾನು ಬೇಕೆಂದೇ ಕೆಡಿಸಿ ಬರೆದ ಆನೆಯನ್ನಿಟ್ಟೆ. ಯಾವುದು ಯಾರದೆಂದು ತರಗತಿಯಲ್ಲಿ ಒಬ್ಬನೂ ಹೇಳಲಿಲ್ಲ. ಕೈ ಬಂದವರು ಬೇಕೆಂದು ಕೆಡಿಸಿದ್ದಕ್ಕೂ ಕೈ ಬಾರದವರು ಬರೆದದ್ದಕ್ಕೂ ನೋಡುವವರ ಕಣ್ಣಿಗೆ ಏನೇನೂ ವ್ಯತ್ಯಾಸ ತಿಳಿಯುವುದಿಲ್ಲ. ಇದು ಸಿದ್ಧವಾದ ಮಾತು. ಮೇಷ್ಟರೂ ಒಪ್ಪಿದ್ದಾರೆ.

ಪರಮಶಿವ


ಹೊಳೆನರಸೀಪುರ
೨೨ ಜನವರಿ ೧೯೩೯

ಭಾವನವರಿಗೆ,

ಇದು ಅಜ್ಜಿ ಹೇಳಿ ಬರೆಸಿದ್ದಲ್ಲ. 'ಕಾಗ್ದ ಬರೀ, ಏನಾರ ಬರ್ಕೋ' ಎಂದು ಹೇಳಿ ಪೂಜೆಗೆ ಕೂತಿದ್ದಾಳೆ.

ನಿಮ್ಮ ಅಡ್ಡಿಯಿಲ್ಲವೆಂದು ತಿಳಿದ ಮೇಲೆ ಅರಕಲಗೂಡಿನವರನ್ನು ಬರಹೇಳಿದರು. ಹೋದ ವಾರ ಬಂದಿದ್ದರು. ಹುಡುಗ, ಅವರ ಸೋದರತ್ತೆ ಸುವರ್ಣಮ್ಮ, ಇನ್ನಿಬ್ಬರು. ಹುಡುಗ ಹೆಚ್ಚು ಮಾತಿನವರಲ್ಲ. ಅಪ್ಪ ಅಕ್ಕಿಯ ವಿಷಯ ಕೇಳಿದರೆ ಮಾತ್ರ ಬಾಯಿ ಬಿಟ್ಟರು. ಮಾತೆಲ್ಲ ಸುವರ್ಣಮ್ಮನವರದೇ. ಬೇರೆಯವರು ಹಾಡು ಹೇಳಿಸುತ್ತಾರೆ. ಆಕೆ ಹಾಡು ಬೇಡವೆಂದರು. "ಹಾಡು ಹೊಟ್ಟೆ ತುಂಬ್ಸಕಿಲ್ಲ. ದಿನಾ ಬಾಗ್ಲಿಗೆ ಇಕ್ಕೋದು ರಂಗೋಲೆ, ಅದ್ನ ಬುಡಿಸ್ಲಿ. ಕೈ ನೋಡಿದ್ರೆ ಹೆಣ್ಣ ನೋಡ್ದಂಗೆ," ಎಂದರು.

ಭಾವ, ನಾನು ನಿಮ್ಮ ಮೂರನೆಯ ಅಧ್ಯಾಯವನ್ನು ನಂಬಿದೆ.

ನಾನು ರಂಗೋಲಿ ಹಾಕಿದರೆ ಬೀದಿಯವರು ದಾಟದೆ ಸುತ್ತಿಕೊಂಡು ಹೋಗುತ್ತಾರೆಂಬುದು ನಿಮಗೆ ಗೊತ್ತು. ಆ ದಿನ ಅದನ್ನು ಕೆಡಿಸಿದೆ. ಇಷ್ಟಿಷ್ಟೇ ಅಲ್ಲ, ಮನಸಾರೆ ಕೆಡಿಸಿದೆ. ಚುಕ್ಕಿಗಳನ್ನು ಹೆಚ್ಚು ಕಡಿಮೆ ಇಟ್ಟೆ. ಗೆರೆಗಳನ್ನು ನಡುಗಿಸಿದೆ. ನವಿಲು ಬರೆದರೆ ಗಂಟಲು ಊದಿಕೊಂಡ ಕೋಳಿಯ ಹಾಗೆ ಬಂತು. ಅಮ್ಮನ ಮುಖ ಸಣ್ಣಗಾಯಿತು. ಅಪ್ಪ ಕೆಮ್ಮಿದರು. ಇನ್ನೇನು, ಎದ್ದು ಹೋಗುತ್ತಾರೆ, ಸಂಜೆಯ ಬಸ್ಸಿಗೆ ಅರಕಲಗೂಡು ಸೇರುತ್ತಾರೆ ಎಂದುಕೊಂಡೆ. ಎಷ್ಟೋ ದಿನದ ಮೇಲೆ ಎದೆ ಹಗುರವಾಗಿತ್ತು.

ಸುವರ್ಣಮ್ಮ ಬಗ್ಗಿ ನೋಡಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳಿದರು: "ಕೈ ಬರ್ದೆ ಇರೋರ್ಗೆ ಇಂಗೆ ಕೆಡ್ಸಕ್ಕಾಗಕಿಲ್ಲ ಕಣಮ್ಮ. ಕೈ ಬರ್ದೆ ಇರೋರ್ ಗೆರೆ ಒಂದ್ಕಡೆ ನಡುಗ್ತದೆ, ಒಂದ್ಕಡೆ ಸರೀಗಿರ್ತದೆ. ಇದು ನೋಡಿ, ಎಲ್ಲಾ ಕಡೀಕೂ ಒಂದೇ ಸಮ ನಡುಗೈತೆ. ಪುಡಿ ಒಂದ್ ಕಾಳು ಹೆಚ್ಚು ಕಮ್ಮಿ ಬಿದ್ದಿಲ್ಲ." ನನ್ನ ಗಲ್ಲ ಹಿಡಿದು ಕೇಳಿದರು, "ಯಾಕವ್ವ ಕೆಡಿಸ್ದೆ?"

ಆಕೆಯೇ ಉತ್ತರವನ್ನೂ ಹೇಳಿಕೊಂಡರು. "ಗೊತ್ತಾಯ್ತು ಬುಡು. ಎಲ್ರೂ ನೋಡ್ತಾ ಕುಂತವ್ರೆ, ದಿಷ್ಟಿ ಆಗ್ದೇ ಇರ್ಲಿ ಅಂತ. ಇಷ್ಟು ತಿಳುವಳ್ಕೆ ಇರೋ ಹೆಣ್ಣು ನಮ್ಮನೆಗೆ ಎಲ್ಲಿ ಸಿಕ್ಕಾತು?" ಎಂದು ಮಡಿಲಿನಿಂದ ಹೂವು ತೆಗೆದು ಅಲ್ಲೇ ನನ್ನ ತಲೆಗೆ ಮುಡಿಸಿದರು. ಎಲ್ಲರೂ ನಕ್ಕರು. ಅಪ್ಪನಂತೂ ಹಿಗ್ಗಿ ಹೋದರು. ಅಜ್ಜಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ವೀಳ್ಯಶಾಸ್ತ್ರ ಮುಂದಿನ ತಿಂಗಳು, ಮದುವೆ ಏಪ್ರಿಲ್ ಇಪ್ಪತ್ತೇಳಕ್ಕೆ. ಚನ್ನರಾಯಪಟ್ಟಣದ ಅತ್ತೆಯವರಿಗೆ ಬೇರೆಯಾಗಿ ಬರೆದಿದ್ದಾರೆ.

ನಿಮ್ಮ ಮೂರನೆಯ ಅಧ್ಯಾಯ ತಪ್ಪು, ಭಾವ. ಒಪ್ಪಿಸುವ ಮುಂಚೆ ತಿದ್ದಿಕೊಳ್ಳಿ.

ಗಂಗಾಂಬಿಕೆ


ಮದರಾಸು
೨ ಏಪ್ರಿಲ್ ೧೯೩೯

ಗಂಗಾ, ಇದನ್ನು ಅಜ್ಜಿಗೆ ಓದಬೇಡ. ಮದುವೆ ಗೊತ್ತಾದ ಹುಡುಗಿಯ ಹೆಸರಿಗೆ ಲಕೋಟೆ ಬಂದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆಂದು ಮೇಲೆ ಎಂದಿನಂತೆ ಅಜ್ಜಿಯ ಹೆಸರು ಬರೆದಿದ್ದೇನೆ. ಒಳಗಿರುವುದು ಪೂರಾ ನಿನಗೆ.

ನಿನ್ನ ಜನವರಿಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಅದನ್ನು ಓದಿ ಮೊದಲು ನಕ್ಕೆ. ಆಮೇಲೆ, ಈ ಹುಡುಗಿ ಯಾಕೆ ಕೆಡಿಸಿದಳು ಎಂದು ಯೋಚನೆ ಬಂತು. ಬಂದ ಯೋಚನೆಯನ್ನು ಅಲ್ಲಿಗೇ ಅದುಮಿ ಬಿಟ್ಟೆ. ಪ್ರಬಂಧ ಒಪ್ಪಿಸುವ ಗಡಿಬಿಡಿ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಮೂರನೆಯ ಅಧ್ಯಾಯವನ್ನು ಮಾತ್ರ ಸುವರ್ಣಮ್ಮನವರ ಮಾತಿನಂತೆ ತಿದ್ದಿದೆ. ಎಂಥ ಮನುಷ್ಯ ನೋಡು ನಾನು!

ಮೊನ್ನೆ ಪರೀಕ್ಷೆಯಾಯಿತು. ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ತುಂಬ ವಯಸ್ಸಾದವರು, ಕಿವಿ ಮಂದ. ನಿನ್ನ ಆರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡರು. ಬೆಟ್ಟದ ವಿಷಯವನ್ನು ನಾನು ಬಾಯಿತುಂಬ ವಿವರಿಸಿದೆ. ಅವರು ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ನಾನು ಅಡ್ಡವಾಗಿ ಇಟ್ಟಿದ್ದೆ, ಅವರು ನೆಟ್ಟಗೆ ನಿಲ್ಲಿಸಿದರು. ಆಮೇಲೆ ನನ್ನನ್ನು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲು ಎಂದರು. ಯಾಕೆಂದು ತಿಳಿಯದೆ ನಿಂತೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು, ಮೇಷ್ಟರನ್ನು ಕರೆದು ತೋರಿಸಿದರು. ಇಬ್ಬರೂ ನಗಲು ಶುರು ಮಾಡಿದರು. "ನಿನ್ನ ಬೆಟ್ಟ ನಿನ್ನ ಮೂಗು, ಕೊಳ ನಿನ್ನ ಬಾಯಿ, ಚಿಕ್ಕ ಬೆಟ್ಟ ನಿನ್ನ ಗದ್ದ. ಈ ಹುಡುಗಿ ಬೆಟ್ಟ ನೋಡಿದವಳಲ್ಲಪ್ಪ," ಎಂದರು.

ಗಂಗಾ, ಪಕ್ಕದಿಂದ ನನ್ನ ಮುಖ ಹೇಗಿದೆಯೆಂದು ನಾನು ನೋಡಿಯೇ ಇಲ್ಲ. ಕನ್ನಡಿಯಲ್ಲಿ ಎದುರಿಗೆ ನೋಡಿಕೊಂಡಿದ್ದೇನೆ, ಅಷ್ಟೆ. ಸಹಪಾಠಿಯೊಬ್ಬನ ಕೈಯಲ್ಲಿ ಗೋಡೆಯ ಮೇಲೆ ನನ್ನ ನೆರಳನ್ನು ಗುರುತು ಹಾಕಿಸಿ ನೋಡಿದೆ. ಅದೇ ಗೆರೆ. ನಾನು ಒಂದು ಸಲವೂ ತಿರುಗಲಿಲ್ಲವೆಂದು ನೀನು ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿದ್ದೆನೋ. ಓದಿಯೂ ತಿಳಿಯಲಿಲ್ಲ. ಹನ್ನೊಂದು ಜನರ ಗೀಚುಗಳಲ್ಲಿ ಅರ್ಥ ಹುಡುಕಿದವನಿಗೆ ಇದು ಕಾಣಲಿಲ್ಲ.

ಇನ್ನು ನೇರವಾಗಿ ಹೇಳುತ್ತೇನೆ. ನನ್ನ ಅಡ್ಡಿಯಿಲ್ಲವೆಂದು ಬರೆದದ್ದು ಸುಳ್ಳು. ಅಲೆಯುವ ಬಾಳು, ಕಷ್ಟ ಎಂದೆಲ್ಲ ಬರೆದದ್ದು ನನ್ನ ಹೇಡಿತನಕ್ಕೆ ಹೊದಿಸಿದ ಶಾಲು. ಈ ಊರಿನಲ್ಲಿ ಎಲ್ಲಿ ಏನು ಚೆಂದದ್ದು ಕಂಡರೂ ಗಂಗೆಗೆ ಬರೆಯಬೇಕು ಎನ್ನಿಸುತ್ತದೆ, ಅಜ್ಜಿಯ ಹೆಸರಿನಲ್ಲಿ ಬರೆಯುತ್ತೇನೆ. ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ! ನನಗೆ ನೀನು ಬೇಕು.

ನಾಳೆಯೇ ಹೊರಟು ಬಂದುಬಿಡಬಹುದು. ಆದರೆ ಒಂದು ಸಲ ಬೇಡವೆಂದವನು, ವೀಳ್ಯ ಆದ ಮೇಲೆ ಮಾವನ ಬಾಗಿಲಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ನಿನ್ನ ಮನಸ್ಸು ಈಗ ಅಲ್ಲಿ ನೆಲೆಯಾಗಿದ್ದರೆ ಅದನ್ನು ಕಲಕುವ ಹಕ್ಕು ನನಗಿಲ್ಲ. ನೀನು ಹೂಂ ಎಂದು ಒಂದು ಮಾತು ಬರೆ. ಕಾರ್ಡಿನಲ್ಲಿ ಬೇರೇನೂ ಬೇಡ. ಅದು ಕೈಗೆ ಬಂದ ದಿನವೇ ರೈಲು ಹತ್ತುತ್ತೇನೆ. ಮಾವ ಹೊಡೆದರೂ ಸರಿ, ಅರಕಲಗೂಡಿನವರ ಕಾಲು ಹಿಡಿಯಬೇಕಾದರೂ ಸರಿ. ಉತ್ತರ ಬರದಿದ್ದರೆ ನಿನಗೆ ಬೇಡವೆಂದು ತಿಳಿಯುತ್ತೇನೆ. ಮತ್ತೆ ಕೇಳುವುದಿಲ್ಲ.

ಪರಮಶಿವ


ಮದರಾಸು
೨೪ ಏಪ್ರಿಲ್ ೧೯೩೯
(ಕಾರ್ಡು)

ರುದ್ರಯ್ಯ ಮಾವನವರಿಗೆ ನಮಸ್ಕಾರಗಳು. ಲಗ್ನಪತ್ರಿಕೆ ತಲುಪಿತು. ಇಲ್ಲಿ ನಾಟಕ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ, ರಜೆ ಸಿಗುವುದಿಲ್ಲ. ಮದುವೆಗೆ ಬರಲಾಗುವುದಿಲ್ಲವೆಂದು ಅಜ್ಜಿಗೆ ತಿಳಿಸಿ. ದಂಪತಿಗಳಿಗೆ ಶುಭವಾಗಲಿ.

ಪರಮಶಿವ


ಹೊಳೆನರಸೀಪುರ
೧ ಜುಲೈ ೧೯೩೯

ಭಾವನವರಿಗೆ,

ಆಷಾಢವೆಂದು ತವರಿಗೆ ಬಂದಿದ್ದೇನೆ. ಅರಕಲಗೂಡಿನಿಂದ ಬಂದು ಕಾಲು ತೊಳೆದು ಇನ್ನೂ ನೀರು ಕುಡಿದಿರಲಿಲ್ಲ, ಅಜ್ಜಿ ತನ್ನ ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದುಕೊಂಡು ಬಂದಳು. "ತಗಾ, ಓದು. ನೀ ಬಂದು ಓದ್ಲಿ ಅಂತ್ಲೇ ಮಡ್ಗಿವ್ನಿ," ಎಂದಳು. ಒಡೆದಿರಲಿಲ್ಲ. ಮೇಲಿನ ಮುದ್ರೆ ನೋಡಿದೆ. ಏಪ್ರಿಲ್.

ಅದು ಬಂದಾಗ ನಾನು ಮನೆಯಲ್ಲಿರಲಿಲ್ಲ. ಮದುವೆಯ ಹೆಣ್ಣನ್ನು ನೆಂಟರೆಲ್ಲ ಊಟಕ್ಕೆ ಕರೆಯುತ್ತಾರಲ್ಲ, ಹಾಸನದ ಚಿಕ್ಕಪ್ಪನ ಮನೆಗೆ ಹೋದವಳನ್ನು ಅವರು ಹತ್ತು ದಿನ ಇರಿಸಿಕೊಂಡರು. ಅಪ್ಪ ಲಕೋಟೆಯನ್ನು ಅಜ್ಜಿಯ ಕೈಗೆ ಕೊಟ್ಟು, ಓದಲೇ ಎಂದರಂತೆ. ಅಜ್ಜಿ ಗಂಗಾ ಬರಲಿ ಎಂದಳಂತೆ. ನಾನು ಬರುವ ಹೊತ್ತಿಗೆ ಮನೆ ತುಂಬ ನೆಂಟರು, ಚಪ್ಪರ, ಅರಿಸಿನ. ಅಜ್ಜಿಗೆ ಮರೆತುಹೋಯಿತು. ನಾನು ಅರಕಲಗೂಡಿಗೆ ಹೊರಟ ಮೇಲೆ ನೆನಪಾಯಿತಂತೆ. ಓದುವವಳೇ ಹೋದಳಲ್ಲ ಎಂದು ಹಾಗೇ ಪೆಟ್ಟಿಗೆಯಲ್ಲಿಟ್ಟಳು. ಬೇರೆ ಯಾರ ಕೈಯಲ್ಲಾದರೂ ಓದಿಸಬಹುದಿತ್ತು ಎಂಬುದು ಅವಳಿಗೆ ತೋಚಲೇ ಇಲ್ಲ, ಭಾವ. ಅವಳ ಲೆಕ್ಕದಲ್ಲಿ ನಿಮ್ಮ ಕಾಗದ ಓದುವವಳು ನಾನೊಬ್ಬಳೇ.

ಅಜ್ಜಿ ಎದುರಿಗೆ ಕೂತಳು. ಓದಬೇಡ ಎಂಬ ಮೊದಲ ಸಾಲು ನೋಡಿದೆ. ನಾನು ಕಾಗದ ಬಿಚ್ಚಿಯಾಗಿತ್ತು, ಅವಳು ಕಿವಿ ಕೊಟ್ಟಾಗಿತ್ತು. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಭಾವ ಚೆನ್ನಾಗಿದ್ದಾರಂತೆ, ಪರೀಕ್ಷೆ ಚೆನ್ನಾಗಿ ಆಯಿತಂತೆ, ಮದರಾಸಿನಲ್ಲಿ ಒಳ್ಳೆಯ ಮಳೆಯಂತೆ, ಸಮುದ್ರದ ನೀರು ರಸ್ತೆಯವರೆಗೂ ಬಂದಿತ್ತಂತೆ. ಬಾಯಿ ಮಳೆ ಎನ್ನುತ್ತಿದ್ದರೆ ಕಣ್ಣು ನಿಮ್ಮ ಅಕ್ಷರಗಳ ಮೇಲೆ ಓಡುತ್ತಿತ್ತು. ನನಗೆ ನೀನು ಬೇಕು ಎಂದು ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ನಾನು ಅಜ್ಜಿಗೆ ಮೀನು ಹಿಡಿಯುವವರ ದೋಣಿಗಳ ವಿಷಯ ಹೇಳುತ್ತಿದ್ದೆ.

"ಇಷ್ಟೇಯಾ? ನಾಕು ಹಾಳೆ ಐತಲ್ಲವ್ವ," ಎಂದಳು ಅಜ್ಜಿ. ಅಕ್ಷರ ದೊಡ್ಡದಾಗಿದೆ ಎಂದೆ. "ಇನ್ನೊಂದ್ಸಲ ಓದು," ಎಂದಳು.

ಎರಡನೆಯ ಸಲ ನನಗೆ ಏನು ಹೇಳಿದ್ದೆನೆಂದೇ ನೆನಪಾಗಲಿಲ್ಲ. ಬಿಸಿಲು ಬಹಳವಂತೆ ಎಂದುಬಿಟ್ಟೆ. ಅಜ್ಜಿ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಆಗ್ಲೇ ಮಳೆ ಅಂದೆ," ಎಂದಳು. ಅವಳು ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡಳು, ಮಡಿಕೆಯ ಮೇಲೆಯೇ ಮಡಿಸಿ, ತಿರುಗಿ ನನ್ನ ಕೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು. "ಯೋಳ್ಬ್ಯಾಡ. ನಾನು ಮಡ್ಗಬಾರ್ದಿತ್ತು ಕಣವ್ವ," ಎಂದಳು. ಆಮೇಲೆ ಎದ್ದು ಹೋಗಿ ದೇವರ ಮುಂದೆ ಕೂತವಳು ಊಟಕ್ಕೂ ಬರಲಿಲ್ಲ. ಈ ನಾಲ್ಕು ದಿನದಿಂದ ಅವಳು ಸರಿಯಾಗಿ ಉಂಡಿಲ್ಲ. ಅವಳ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಮೇಲೆ ಇತ್ತು. ಈಗ ಅದೂ ಇಲ್ಲ. ಅಳು ಇದೆ. ಅದನ್ನು ಹಿತ್ತಲಲ್ಲಿ ಮುಗಿಸುತ್ತೇನೆ.

ನಮ್ಮ ಯಜಮಾನರು ಒಳ್ಳೆಯವರು. ಇದನ್ನು ನಿಮಗೆ ಸಮಾಧಾನವಾಗಲೆಂದು ಬರೆಯುತ್ತಿಲ್ಲ, ಅವರಿಗೆ ಅನ್ಯಾಯವಾಗಬಾರದೆಂದು ಬರೆಯುತ್ತಿದ್ದೇನೆ. ಗಿರಣಿಯಿಂದ ಬಂದವರು ಮೈಗೆ ಹತ್ತಿದ ತೌಡು ಕೊಡವಿಕೊಂಡು, ಇವತ್ತು ಏನು ಮಾಡಿದೆ ಎಂದು ನನ್ನನ್ನು ಕೇಳುತ್ತಾರೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಷಾಢ ಕಳೆದ ಮೇಲೆ ಅವರೇ ಬಂದು ಕರೆದುಕೊಂಡು ಹೋಗುತ್ತಾರೆ. ನಾನು ಹೋಗುತ್ತೇನೆ.

ನೀವು ಒಂದು ಮಾತು ಕೇಳಿದ್ದಿರಿ. ಕೇಳಿ ಮೂರು ತಿಂಗಳಾಯಿತು. ನೀವು ಕಾದ ಅಷ್ಟು ದಿನವೂ ಆ ಮಾತು ನನ್ನ ಬಾಯಲ್ಲೇ ಇತ್ತು. ಯಾರೂ ಕೇಳಲಿಲ್ಲವೆಂದು ನಾನೂ ಹೇಳಿರಲಿಲ್ಲ. ಇನ್ನು ಯಾರಿಗೂ ಹೇಳುವ ಹಾಗಿಲ್ಲವಾದ್ದರಿಂದ ಇಲ್ಲಿ ಒಂದು ಸಲ ಬರೆದುಬಿಡುತ್ತೇನೆ. ಹೂಂ.

ನಿಮ್ಮ ಕಾಗದವನ್ನು ಒಲೆಗೆ ಹಾಕಿದ್ದೇನೆ. ಇದನ್ನೂ ನೀವು ಹಾಗೇ ಮಾಡಿ. ಅಜ್ಜಿಗೆ ಕಾಗದ ಬರೆಯುವುದನ್ನು ಬಿಡಬೇಡಿ, ಅವಳು ನೊಂದಿದ್ದಾಳೆ, ಕಾಯುತ್ತಾಳೆ. ಇನ್ನು ಮೇಲೆ ಅವಳಿಗೆ ಅಪ್ಪನೇ ಓದಿ ಹೇಳುವುದು. ಹಾಗೆ ಬರೆಯಿರಿ.

ಗಂಗಾಂಬಿಕೆ